ಕಡಲ ನೀರಿನ ರಿಪೋರ್ಟ್ ಕಡಲ ದಡದಲ್ಲೇ ಇರಲಿ

ಇವತ್ತು ಸಂಜೆ ಕಡಲಿಗೆ ಹೋಗಿ ಬಂದಾಗಿನಿಂದ ಸಿಟ್ಟು ಇಳಿದಿಲ್ಲ. ಪೇಟೆ ಕಡೆಯ ತೋಡು ಬಂದು ಕಡಲಿಗೆ ಸೇರುವ ಜಾಗ ಇದೆಯಲ್ಲ, ಸರಿಯಾಗಿ ಅಲ್ಲೇ ಮಕ್ಕಳು ಆಡುತ್ತಿದ್ದರು. ಅಲ್ಲಿ ಅಲೆ ಜೋರಿಲ್ಲ, ನೀರು ಮೊಣಕಾಲಿನವರೆಗೆ ಅಷ್ಟೇ. ಹಾಗಾಗಿ ಅಪ್ಪ ಅಮ್ಮಂದಿರಿಗೆ ಅದೇ ಧೈರ್ಯದ ಜಾಗ. ನಿನ್ನೆ ರಾತ್ರಿ ಜೋರು ಮಳೆ ಬಂದಿದೆ, ತೋಡಿನ ನೀರು ಕಪ್ಪಾಗಿ ವಾಸನೆ ಹೊಡೆಯುತ್ತಿತ್ತು. ಒಬ್ಬ ತಾಯಿಗೆ "ಮಗುವನ್ನು ಆ ಕಡೆ ಕರ್ಕೊಂಡು ಹೋಗಿ" ಎಂದೆ. ಪಕ್ಕದಲ್ಲಿದ್ದವರು "ಎಂತ ಆಗುದಿಲ್ಲ ಮಾರಾಯ್ರೆ, ಉಪ್ಪುನೀರಲ್ವಾ" ಎಂದರು. ಆ ತಾಯಿ ಬೋರ್ಡ್ ಕಡೆ ನೋಡಿ, "ಅಲ್ಲಿ ಹಾಗೇನೂ ಬರೆದಿಲ್ವಲ್ಲ ಅಕ್ಕಾ" ಎಂದರು.

ನಿಜ, ಬರೆದಿಲ್ಲ. ಅಲೆಯ ಬಗ್ಗೆ ಇದೆ, ಕುಡಿದು ಇಳಿಯಬೇಡಿ ಅಂತ ಇದೆ, ಪ್ಲಾಸ್ಟಿಕ್ ಬಗ್ಗೆ ಇದೆ. ನೀರು ಹೇಗಿದೆ ಅಂತ ಒಂದು ಸಾಲೂ ಇಲ್ಲ.

ನಾನು ಲ್ಯಾಬಿನಲ್ಲಿ ನೀರಿನ ಸ್ಯಾಂಪಲ್ ನೋಡುವವಳು, ನಿಮಗೆಲ್ಲ ಗೊತ್ತೇ ಇದೆ. ಕಡಲ ನೀರು ಪರೀಕ್ಷೆ ಮಾಡುವುದು ದೊಡ್ಡ ವಿದ್ಯೆ ಅಲ್ಲ. ಜನ ಇಳಿಯುವ ಜಾಗದಲ್ಲೇ, ಮೇಲಿನಿಂದ 30 ಸೆಂಟಿಮೀಟರ್ ಕೆಳಗೆ, ಸ್ಟೆರೈಲ್ ಬಾಟಲಿಯಲ್ಲಿ ನೀರು ಹಿಡಿಯಬೇಕು. ಬಿಸಿಲು ತಾಗದಂತೆ ಐಸ್ ಪೆಟ್ಟಿಗೆಯಲ್ಲಿಟ್ಟು ಲ್ಯಾಬಿಗೆ ಬೇಗ ತಲುಪಿಸಬೇಕು. ಅಲ್ಲಿ ಇ. ಕೋಲಿ, ಎಂಟೆರೋಕಾಕೈ ಎಂಬ ಬ್ಯಾಕ್ಟೀರಿಯಾ ಎಷ್ಟಿವೆ ಅಂತ ಎಣಿಸುತ್ತೇವೆ. ಇವೆರಡೂ ಮನುಷ್ಯರ, ದನಕರುಗಳ ಕರುಳಿನಲ್ಲಿ ಇರುವಂಥವು. ಇವು ಜಾಸ್ತಿ ಸಿಕ್ಕಿದರೆ ಕಕ್ಕಸಿನ ನೀರು ಸೇರಿದೆ ಅಂತ ಅನುಮಾನ ಪಡಲೇಬೇಕು. ಭೇದಿ, ಕಿವಿ ನೋವು, ಚರ್ಮದ ತುರಿಕೆ ತರುವ ರೋಗಾಣುಗಳೂ ಜೊತೆಗೆ ಇರಬಹುದು. ನಮ್ಮ ದೇಶದಲ್ಲೇ ಇದಕ್ಕೆ ಮಿತಿ ಇದೆ. ಸ್ನಾನಕ್ಕೆ ತಕ್ಕ ಕಡಲ ನೀರಿಗೆ ಎಸ್‌ಡಬ್ಲ್ಯೂ-2 ಅಂತ ದರ್ಜೆ ಇಟ್ಟು, 100 ಮಿಲಿಲೀಟರಿಗೆ ಫೀಕಲ್ ಕೋಲಿಫಾರ್ಮ್ (ಇ. ಕೋಲಿಯೂ ಸೇರಿರುವ ಬ್ಯಾಕ್ಟೀರಿಯಾ ಗುಂಪು) 100 ಅಂತ ಗೆರೆ ಎಳೆದಿದ್ದಾರೆ. ಆ ಗೆರೆ ಫೈಲಿನೊಳಗಿದ್ದರೆ ಮಗುವಿಗೆ ಏನು ಉಪಯೋಗ?

ಉಪ್ಪು ಎಲ್ಲವನ್ನೂ ಕೊಲ್ಲುತ್ತದೆ ಎನ್ನುವವರು ಕೇಳಿ. ಎಂಟೆರೋಕಾಕೈ ಉಪ್ಪುನೀರಿನಲ್ಲೂ ಸಾಕಷ್ಟು ಹೊತ್ತು ಬದುಕುತ್ತವೆ. ಕಡಲಿನಲ್ಲಿ ಅವನ್ನೇ ಹುಡುಕುವುದು ಅದಕ್ಕೇ. ಕಡಲು ದೊಡ್ಡದು, ಒಪ್ಪಿದೆ. ಆದರೆ ಮಕ್ಕಳು ಆಡುವುದು ನಡುಗಡಲಿನಲ್ಲಿ ಅಲ್ಲ. ತೋಡಿನ ನೀರನ್ನು ಅಲೆಗಳು ದಡದ ಉದ್ದಕ್ಕೂ ಹಿಡಿದಿಡುವ ಆ ಚಿಕ್ಕ ಪಟ್ಟಿಯಲ್ಲಿ.

ಪರೀಕ್ಷೆಯ ಫಲ ಬರುವುದಕ್ಕೆ ಒಂದೆರಡು ದಿನ ಬೇಕು, ಅಷ್ಟರಲ್ಲಿ ನೀರು ಬದಲಾಗಿರುತ್ತದೆ ಅಂತ ನಮ್ಮ ಕ್ಷೇತ್ರದವರೇ ಹೇಳುತ್ತಾರೆ. ಹೌದು. ಆದರೆ ಮಳೆ ಬಂದದ್ದು ತಿಳಿಯಲು ಲ್ಯಾಬ್ ಬೇಕಾ? ಲಾಸ್ ಏಂಜಲೀಸಿನಲ್ಲಿ ಮಳೆ ಬಂದರೆ 72 ಗಂಟೆ ಕಾಲ ಚರಂಡಿ, ಹೊಳೆ ಸೇರುವ ಕಡೆ ನೀರಿಗಿಳಿಯಬೇಡಿ ಅಂತ ಹೇಳುತ್ತಾರೆ. ಯುರೋಪಿನಲ್ಲಿ 2006ರ ಕಾನೂನಿನ ಪ್ರಕಾರ ನೀರಿನ ದರ್ಜೆಯನ್ನು ಸ್ನಾನದ ಜಾಗದಲ್ಲೇ ಹಾಕಬೇಕು.

ದೂರದ ಮಾತು ಬಿಡಿ. ನಮ್ಮ ಪಡುಬಿದ್ರಿಗೆ, ಹೊನ್ನಾವರದ ಕಾಸರಕೋಡಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಶುಚಿಯಾದ ಬೀಚಿಗೆ ಕೊಡುವ ಅಂತರರಾಷ್ಟ್ರೀಯ ಗುರುತು, ಸಿಕ್ಕಿತು. ಎಷ್ಟು ಖುಷಿಪಟ್ಟಿದ್ದೆ ಗೊತ್ತಾ! ಆ ಗುರುತು ಉಳಿಯಬೇಕಾದರೆ ಸೀಸನ್ನಿನಲ್ಲಿ 31 ದಿನಕ್ಕಿಂತ ಜಾಸ್ತಿ ಅಂತರ ಬಿಡದೆ ನೀರು ಪರೀಕ್ಷಿಸಬೇಕು, ಫಲಿತಾಂಶವನ್ನು ಬೀಚಿನಲ್ಲೇ ಹಾಕಬೇಕು. ಅಂದರೆ ನಮ್ಮ ಕರಾವಳಿಯಲ್ಲಿ ಇದು ಆಗುವ ಕೆಲಸವೇ. ಬೋರ್ಡ್ ಹಾಕಿದರೆ ಪ್ರವಾಸಿಗರು ಓಡಿಹೋಗುತ್ತಾರೆ ಎನ್ನುವ ಮಾತು ನನಗೆ ಬೇಡ. ಜನ ಇಳಿಯುವ ಉಳಿದ ಬೀಚುಗಳ ಮಕ್ಕಳದೂ ಅದೇ ಮೈ, ಅದೇ ಹೊಟ್ಟೆ ಅಲ್ವಾ?

ಪಂಚಾಯಿತಿಗೆ ಕೊಡಲು ಅರ್ಜಿ ಬರೆದಿಟ್ಟಿದ್ದೇನೆ. ಎರಡೇ ಬೇಡಿಕೆ. ಕೊನೆಯ ಪರೀಕ್ಷೆಯ ತಾರೀಕು, ಫಲಿತಾಂಶ ಇರುವ ಬೋರ್ಡ್ ಬೇಕು. ಮಳೆ ಬಂದ ಮೇಲೆ ಮೂರು ದಿನ ತೋಡಿನ ಬಾಯಿಗೆ ಹಗ್ಗ ಕಟ್ಟಬೇಕು. ಊರಲ್ಲಿರುವವರು ಭಾನುವಾರ ಬೆಳಿಗ್ಗೆ ಮನೆಗೆ ಬಂದು ಸಹಿ ಹಾಕಿ.