ಎಕ್ಸಾಸ್ಟ್ ಆಮೇಲೆ, ಮೊದಲು ಪ್ಯಾಡಕ್ ಸ್ಟ್ಯಾಂಡ್

ಹೊಸ ಬೈಕ್ ತಗೊಂಡವರು "ಮೊದಲು ಏನು ಹಾಕಿಸಲಿ?" ಅಂತ ಕೇಳಿದಾಗೆಲ್ಲ ನಾನು ಹೇಳುವುದು ಒಂದೇ. ಎಕ್ಸಾಸ್ಟ್ ಆಮೇಲೆ ನೋಡಿದರಾಯಿತು, ಫಾಗ್ ಲೈಟೂ ಕಾಯಲಿ. ನಿಮ್ಮ ಬೈಕಿಗೆ ಡಬಲ್ ಸ್ಟ್ಯಾಂಡ್ ಇಲ್ಲದಿದ್ದರೆ ಮೊದಲು ಒಂದು ಪ್ಯಾಡಕ್ ಸ್ಟ್ಯಾಂಡ್ ತಗೊಳ್ಳಿ, ಅಂದರೆ ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ ಗಾಡಿಯನ್ನು ನೆಟ್ಟಗೆ ನಿಲ್ಲಿಸುವ ಬಿಡಿ ಸ್ಟ್ಯಾಂಡ್.

ಸ್ಪೋರ್ಟ್ಸ್ ಬೈಕುಗಳಿಗೆ ಡಬಲ್ ಸ್ಟ್ಯಾಂಡ್ ಕೊಡದಿರುವುದಕ್ಕೆ ಕಾರಣವಿದೆ. ಅದು ತೂಕ, ಜೊತೆಗೆ ತಿರುವಿನಲ್ಲಿ ಗಾಡಿ ವಾಲಿದಾಗ ನೆಲಕ್ಕೆ ತಾಗುವ ವಸ್ತು. ಸರಿ, ಒಪ್ಪೋಣ. ಆದರೆ ಸೈಡ್ ಸ್ಟ್ಯಾಂಡ್ ಮೇಲೆ ನಿಂತ ಗಾಡಿಯ ಚೈನಿಗೆ ಲೂಬ್ ಹಾಕಿ ನೋಡಿ. ಸ್ವಲ್ಪ ತಳ್ಳಬೇಕು, ಕೂತು ಹಾಕಬೇಕು, ಎದ್ದು ಮತ್ತೆ ತಳ್ಳಬೇಕು. ಯಾವ ಲಿಂಕಿಗೆ ಬಿತ್ತು, ಯಾವುದು ಉಳಿಯಿತು ಗೊತ್ತೇ ಆಗುವುದಿಲ್ಲ. ಇಷ್ಟು ರಗಳೆ ಇರುವ ಕೆಲಸವನ್ನು ಯಾರೂ ತುಂಬ ದಿನ ಮಾಡುವುದಿಲ್ಲ. ಚೈನ್ ತುಕ್ಕು ಹಿಡಿಯುವುದು ಬಹಳ ಸಲ ಸೋಮಾರಿತನದಿಂದ ಅಲ್ಲ, ಈ ರಗಳೆಯಿಂದ.

ಹಿಂದಿನ ಚಕ್ರ ನೆಲ ಬಿಟ್ಟು ಎದ್ದರೆ ಸಾಕು, ಇದೆಲ್ಲ ಬದಲಾಗುತ್ತದೆ. ಚಕ್ರವನ್ನು ಕೈಯಲ್ಲಿ ನಿಧಾನಕ್ಕೆ ತಿರುಗಿಸಿ, ನೋಡುತ್ತಾ ಇರಿ. ಚೈನ್ ಒಂದು ಕಡೆ ಸಡಿಲ, ಇನ್ನೊಂದು ಕಡೆ ಬಿಗಿ ಇರುವುದು ಕಾಣುತ್ತದೆ. ಸಡಿಲ, ಅಂದರೆ ಚೈನಿನ ಕೆಳಗಿನ ಸಾಲು ನಡುವೆ ಎಷ್ಟು ಮೇಲೆ ಕೆಳಗೆ ಆಡುತ್ತದೆ ಅನ್ನುವುದನ್ನು, ಅಳೆಯಬೇಕಾದ್ದು ಆ ಬಿಗಿಯಾದ ಜಾಗದಲ್ಲಿ. ರಸ್ತೆ ಬೈಕುಗಳಲ್ಲಿ ಸಾಮಾನ್ಯವಾಗಿ 25ರಿಂದ 35 ಮಿಲಿಮೀಟರ್ ಆಸುಪಾಸು ಇರುತ್ತದೆ, ಉದ್ದ ಸಸ್ಪೆನ್ಷನ್ ಇರುವ ಗಾಡಿಗಳಲ್ಲಿ ಜಾಸ್ತಿ. ನಿಮ್ಮ ಗಾಡಿಯ ಲೆಕ್ಕ ಮ್ಯಾನ್ಯುಯಲ್‌ನಲ್ಲಿದೆ, ಎಷ್ಟೋ ಬೈಕುಗಳಲ್ಲಿ ಸ್ವಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು) ಮೇಲಿನ ಸ್ಟಿಕ್ಕರ್‌ನಲ್ಲೇ ಇದೆ. ಸೈಡ್ ಸ್ಟ್ಯಾಂಡ್ ಮೇಲೆ ಅಳೆಯಿರಿ ಅಂತ ಅದರಲ್ಲಿ ಬರೆದಿದ್ದರೆ, ಬಿಗಿ ಜಾಗ ಹುಡುಕಿಕೊಂಡು ಗಾಡಿ ಇಳಿಸಿ ಅಳೆಯಿರಿ.

ಚೈನ್ ಒಂದೇ ಅಲ್ಲ. ಟೈರಿನಲ್ಲಿ ಸಿಕ್ಕಿಕೊಂಡ ಮೊಳೆ ಕಾಣುತ್ತದೆ. ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಹಲ್ಲು ಸವೆದು ಒಂದೇ ಕಡೆಗೆ ಕೊಕ್ಕೆಯ ಹಾಗೆ ಬಾಗಿದ್ದರೆ ಕಾಣುತ್ತದೆ. ಡಿಸ್ಕಿಗೆ ಪ್ಯಾಡ್ ಸಣ್ಣದಾಗಿ ಸವರುವ ಸದ್ದು ಇದ್ದೇ ಇರುತ್ತದೆ, ಅದಕ್ಕೆ ಹೆದರಬೇಡಿ. ಆದರೆ ಜೋರಾಗಿ ತಿರುಗಿಸಿದರೂ ಚಕ್ರ ಅರ್ಧ ಸುತ್ತಿಗೇ ನಿಂತರೆ ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರ್ ಸಿಕ್ಕಿಕೊಳ್ಳುತ್ತಿರಬಹುದು. ಟೈರನ್ನು ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲುಗಾಡಿಸಿ. ಲೊಟಲೊಟ ಅಂದರೆ ಬೇರಿಂಗ್ ಅಥವಾ ಸ್ವಿಂಗ್ ಆರ್ಮ್ ಬುಷ್ ಕಡೆ ಗಮನ ಕೊಡಬೇಕು. ಇಷ್ಟು ನೋಡಲು ಯಾವ ಗ್ಯಾರೇಜೂ ಬೇಡ ಅಲ್ವಾ?

ಕೊಳ್ಳುವಾಗ ಒಂದು ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ಸ್ವಿಂಗ್ ಆರ್ಮ್ ಅಡಿಗೆ ರಬ್ಬರ್ ಪ್ಯಾಡ್ ಕೊಟ್ಟು ಎತ್ತುವ ಬಗೆ ಒಂದು. ಸ್ವಿಂಗ್ ಆರ್ಮಿನ ಎರಡೂ ಬದಿಗೆ ಬಾಬಿನ್ (ಸಣ್ಣ ಉರುಳೆಯಂಥ ಬೋಲ್ಟ್) ತಿರುಪಿ, ಅದನ್ನು ಸ್ಟ್ಯಾಂಡಿನ V ಆಕಾರದ ಕೊಕ್ಕೆಯಲ್ಲಿ ಕೂರಿಸಿ ಎತ್ತುವ ಬಗೆ ಇನ್ನೊಂದು. ನಿಮ್ಮ ಬೈಕಿನಲ್ಲಿ ಬಾಬಿನ್ ತೂತು ಇದ್ದರೆ ಎರಡನೆಯದನ್ನೇ ತಗೊಳ್ಳಿ. ಕೊಕ್ಕೆಯಲ್ಲಿ ಕೂತ ಬಾಬಿನ್ ಸುಮ್ನೆ ಜಾರುವುದಿಲ್ಲ, ರಬ್ಬರ್ ಪ್ಯಾಡ್ ಮೇಲೆ ಆ ಭರವಸೆ ಇಲ್ಲ. ಬಾಬಿನ್ ಥ್ರೆಡ್ ಎಲ್ಲ ಗಾಡಿಗೂ ಒಂದೇ ಅಲ್ಲ. M6, M8, M10 (6, 8, 10 ಮಿಲಿಮೀಟರ್ ದಪ್ಪ) ಎಲ್ಲವೂ ಇವೆ, M10ನಲ್ಲೇ ಪಿಚ್ (ಥ್ರೆಡ್ ಸುತ್ತುಗಳ ನಡುವಿನ ಅಂತರ) ಬೇರೆ ಬೇರೆ ಇರುತ್ತದೆ. ಕೈಯಲ್ಲಿ ಸಲೀಸಾಗಿ ತಿರುಗದಿದ್ದರೆ ಸ್ಪ್ಯಾನರ್ ಹಾಕಿ ಒತ್ತಬೇಡಿ. ಸ್ವಿಂಗ್ ಆರ್ಮಿನ ಥ್ರೆಡ್ ಹಾಳಾದರೆ ಅದು ದೊಡ್ಡ ತಲೆನೋವು. ಒಂದೇ ಕಡೆ ಸ್ವಿಂಗ್ ಆರ್ಮ್ ಇರುವ ಬೈಕುಗಳಿಗೆ ಹಬ್‌ನ ತೂತಿಗೆ ಪಿನ್ ಹಾಕಿ ಎತ್ತುವ ಬೇರೆಯೇ ಸ್ಟ್ಯಾಂಡ್ ಬರುತ್ತದೆ.

ಎತ್ತುವುದನ್ನು ನೋಡಿದರೆ ಭಯ ಆಗುತ್ತದೆ, ಆದರೆ ಅದರಲ್ಲಿ ಬಲಕ್ಕಿಂತ ಹೊಂದಿಕೆಯೇ ಮುಖ್ಯ. ನೆಲ ಗಟ್ಟಿ ಇರಬೇಕು, ಸಮ ಇರಬೇಕು. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಯಾಕೆಂದರೆ ಏಳುವಾಗ ಅದು ಸ್ವಲ್ಪ ಸರಿಯುತ್ತದೆ. ಶುರುವಿನಲ್ಲಿ ಒಬ್ಬರು ಮುಂದೆ ನಿಂತು ಹ್ಯಾಂಡಲ್ ಹಿಡಿದು ಗಾಡಿಯನ್ನು ನೆಟ್ಟಗೆ ನಿಲ್ಲಿಸಲಿ. ನೀವು ಹಿಂದೆ ಬಗ್ಗಿ ಎರಡೂ ಬಾಬಿನ್ ಎರಡೂ ಕೊಕ್ಕೆಯಲ್ಲಿ ಪೂರ್ತಿ ಕೂತಿವೆಯಾ ಅಂತ ಕಣ್ಣಾರೆ ನೋಡಿ. ಆಮೇಲೆ ಮೈಭಾರ ಹಾಕಿ ಸ್ಟ್ಯಾಂಡಿನ ಹಿಡಿಯನ್ನು ಒಂದೇ ಸಮನೆ ಕೆಳಗೆ ಒತ್ತಿ. ಅರ್ಧಕ್ಕೆ ನಿಲ್ಲಿಸಬೇಡಿ. ಎದ್ದ ಮೇಲೆ ಮುಂದಿನ ಬ್ರೇಕ್ ಲಿವರಿಗೆ ಒಂದು ಪಟ್ಟಿ ಬಿಗಿದರೆ ಗಾಡಿ ಮುಂದಕ್ಕೆ ಉರುಳುವುದಿಲ್ಲ. ಚಕ್ರ ಬಿಚ್ಚುವುದಿದ್ದರೆ ಆಕ್ಸಲ್ ನಟ್ ಅನ್ನು ಗಾಡಿ ನೆಲದ ಮೇಲಿರುವಾಗಲೇ ಸಡಿಲ ಮಾಡಿಕೊಳ್ಳಿ. ಅಷ್ಟು ಬಿಗಿಯಾದ ನಟ್ ಮೇಲೆ ಜೋರು ಹಾಕಬಾರದ ಜಾಗ ಅಂದರೆ ಸ್ಟ್ಯಾಂಡ್ ಮೇಲೆ ನಿಂತ ಗಾಡಿಯೇ.

ಈಗ ನಾನು ಈ ಪೋಸ್ಟ್ ಬರೆಯಲು ಕಾರಣವಾದ ವಿಷಯ. ಗಾಡಿಯನ್ನು ಸ್ಟ್ಯಾಂಡಿಗೇರಿಸಿ, ಇಂಜಿನ್ ಸ್ಟಾರ್ಟ್ ಮಾಡಿ, ಫಸ್ಟ್ ಗೇರ್ ಹಾಕಿ, ಓಡುತ್ತಿರುವ ಚೈನಿಗೆ ಬಟ್ಟೆ ಹಿಡಿದು ಒರೆಸುವ ವಿಡಿಯೊಗಳು. ದಯವಿಟ್ಟು ಹಾಗೆ ಮಾಡಬೇಡಿ. ನೋಡಿ ಕಲಿಯಲೂ ಬೇಡಿ. ಐಡಲ್‌ನಲ್ಲಿದ್ದರೂ ಇಂಜಿನ್ ಇಂಜಿನ್ನೇ. ಬಟ್ಟೆಯ ಒಂದು ತುದಿ ಚೈನಿಗೂ ಸ್ಪ್ರಾಕೆಟ್ಟಿಗೂ ನಡುವೆ ಸಿಕ್ಕಿದರೆ ಅದು ಬೆರಳನ್ನೂ ಎಳೆದುಕೊಂಡೇ ಹೋಗುತ್ತದೆ, ಬಿಡುವಷ್ಟು ಹೊತ್ತು ಸಿಗುವುದಿಲ್ಲ. ಹೀಗೆ ಬೆರಳು ಕಳಕೊಂಡವರು ನಿಜವಾಗಿಯೂ ಇದ್ದಾರೆ. ಐದು ನಿಮಿಷ ಉಳಿಸಲು ಇದೆಂಥ ವ್ಯಾಪಾರ? ಹಿಂದಿನ ಚಕ್ರ ಓಡಿ ಮುಂದಿನದು ನಿಂತಿದ್ದರೆ ಎಷ್ಟೋ ಬೈಕುಗಳಲ್ಲಿ ಎಬಿಎಸ್ ಲೈಟ್ ಕೂಡ ಹತ್ತಿಕೊಳ್ಳುತ್ತದೆ, ಆದರೆ ಬೆರಳಿನ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಚಕ್ರವನ್ನು ಕೈಯಲ್ಲಿ ತಿರುಗಿಸಿ. ಚೈನಿನ ಕೆಳಗಿನ ಸಾಲಿನ ನಡುಭಾಗದಲ್ಲಿ, ಎರಡೂ ಸ್ಪ್ರಾಕೆಟ್‌ಗಳಿಂದ ದೂರದಲ್ಲಿ ಬಟ್ಟೆ ಹಿಡಿಯಿರಿ. ಕೈಯಲ್ಲಿ ತಿರುಗಿಸಿದರೂ ಬೆರಳು ಸಿಕ್ಕಿಕೊಳ್ಳಬಹುದು, ಹಾಗಾಗಿ ಒಂದು ಕೈ ಚೈನ್ ಮೇಲಿರುವಾಗ ಇನ್ನೊಂದು ಕೈ ನಿಧಾನಕ್ಕೇ ತಿರುಗಿಸಲಿ. ಮಕ್ಕಳು ಪಕ್ಕದಲ್ಲಿ ಕೂತು ನೋಡುತ್ತಿದ್ದರೆ ಇನ್ನೂ ಎಚ್ಚರ.

ಸ್ಟ್ಯಾಂಡ್ ಮೇಲಿರುವ ಗಾಡಿ ಮೇಲೆ ಹತ್ತಿ ಫೋಟೊ ತೆಗೆಸಿಕೊಳ್ಳುವುದೂ ಬೇಡ.

ಈ ಸ್ಟ್ಯಾಂಡಿಗೆ ಮಿತಿಯೂ ಇದೆ. ಅದು ಗಾಡಿಯನ್ನು ಸ್ವಿಂಗ್ ಆರ್ಮಿನಿಂದಲೇ ಎತ್ತುತ್ತದೆ. ಅಂದರೆ ಹಿಂದಿನ ಸಸ್ಪೆನ್ಷನ್ ಮೇಲೆ ಭಾರ ಹಾಗೇ ಇರುತ್ತದೆ, ಶಾಕ್ ಅಬ್ಸಾರ್ಬರ್ ಬಿಚ್ಚಲು ಆಗುವುದಿಲ್ಲ. ಹಿಂಭಾಗ ಮೇಲೆದ್ದಿರುವುದರಿಂದ ಆಯಿಲ್ ಮಟ್ಟವನ್ನೂ ಹಾಗೇ ನೋಡಬೇಡಿ. ಮುಂದಿನ ಚಕ್ರಕ್ಕೆ ಬೇರೆ ಸ್ಟ್ಯಾಂಡ್ ಬೇಕು. ಫೋರ್ಕ್ ಬಿಚ್ಚುವುದಿದ್ದರೆ ಫೋರ್ಕ್ ಅಡಿಗೆ ಕೊಟ್ಟು ಎತ್ತುವುದು ಆಗದು, ಹ್ಯಾಂಡಲ್ ಬುಡದ ತೂತಿಗೆ ಪಿನ್ ಕೊಟ್ಟು ಎತ್ತುವ ಸ್ಟ್ಯಾಂಡೇ ಬೇಕು. ಯಾವುದಾದರೂ ಸರಿ, ಮೊದಲು ಹಿಂದೆ ಎತ್ತಿ, ಆಮೇಲೆ ಮುಂದೆ. ಇಳಿಸುವಾಗ ಮೊದಲು ಮುಂದೆ, ಆಮೇಲೆ ಹಿಂದೆ.

ಇಳಿಸುವುದನ್ನು ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ. ಕೆಲಸ ಮುಗಿಯಿತು ಅನ್ನುವ ಅವಸರದಲ್ಲಿ ಗಾಡಿ ಬೀಳುವುದು ಆಗಲೇ. ಮೊದಲು ಸೈಡ್ ಸ್ಟ್ಯಾಂಡ್ ಪೂರ್ತಿ ಮುಂದಕ್ಕೆ ಬಂದಿದೆಯಾ ನೋಡಿ. ಬ್ರೇಕ್ ಪಟ್ಟಿ ಬಿಚ್ಚಿ. ಎಡಗಡೆ ನಿಂತು ಒಂದು ಕೈಯಲ್ಲಿ ಹಿಂದಿನ ಗ್ರ್ಯಾಬ್ ರೈಲ್ ಹಿಡಿದು ಗಾಡಿಯನ್ನು ನಿಮ್ಮ ಕಡೆಗೆ ಒಂಚೂರು ಎಳೆದುಕೊಂಡಿರಿ. ಇನ್ನೊಂದು ಕೈಯಲ್ಲಿ ಸ್ಟ್ಯಾಂಡಿನ ಹಿಡಿಯನ್ನು ನಿಧಾನಕ್ಕೆ ಎತ್ತಿ. ಚಕ್ರ ನೆಲ ಮುಟ್ಟಿದ ತಕ್ಷಣ ಎರಡೂ ಕೈ ಗಾಡಿ ಮೇಲಿರಲಿ, ಸ್ಟ್ಯಾಂಡ್ ಬೇಕಾದರೆ ಹೊರಳಿ ಬೀಳಲಿ. ಹೊರಡುವ ಮೊದಲು ಹಿಂದಿನ ಬ್ರೇಕ್ ಪೆಡಲ್ ನಾಲ್ಕಾರು ಸಲ ಒತ್ತಿ ನೋಡಿ. ಚಕ್ರ ಬಿಚ್ಚಿ ಹಾಕಿದ್ದರೆ ಪ್ಯಾಡ್ ಹಿಂದೆ ಸರಿದಿರುತ್ತದೆ, ಮೊದಲ ಒತ್ತಿಗೆ ಬ್ರೇಕ್ ಸಿಗುವುದಿಲ್ಲ.