ಒಂದು ಹೈಫನ್ ತೆಗೆದಿದ್ದಕ್ಕೆ

ಇವತ್ತು ಆಫೀಸಲ್ಲಿ ಮೀಟಿಂಗ್ ಇತ್ತು. ಕೋಡಿನ ಬದಲಾವಣೆಗಳ ಲೆಕ್ಕ ಇಡೋ ಗಿಟ್ ಅನ್ನೋ ಸಾಫ್ಟ್‌ವೇರ್ ಮೇಲೆ ನಾವೇ ಬರ್ಕೊಂಡಿರೋ ಕಮಾಂಡ್ ಟೂಲ್ ಒಂದಿದೆ, ಅದರ ಹಳೇ ಆಪ್ಷನ್‌ಗಳನ್ನೆಲ್ಲ ಮುಂದಿನ ರಿಲೀಸಲ್ಲಿ ಕಿತ್ತಾಕೋಣ, ಯಾರೂ ಯೂಸ್ ಮಾಡಲ್ಲ ಅಂತ ಟೀಮಿನ ಹುಡುಗ್ರು ಅಂದ್ರು. ಹೆಂಗ್ರಪ್ಪಾ ಗೊತ್ತು ನಿಮ್ಗೆ? ಜನ ಟೈಪ್ ಮಾಡ್ದೇ ಇರಬಹುದು, ಎಲ್ಲೋ ಕಮಾಂಡ್‌ಗಳನ್ನ ತಾನೇ ಓಡಿಸೋ ಯಾವ್ದೋ ಸ್ಕ್ರಿಪ್ಟ್ ಒಳಗೆ ಅದು ದಿನಾ ಓಡ್ತಾ ಇರುತ್ತೆ.

ಹಿಂದೆ ನಾನಿದ್ದ ಕಂಪನೀಲಿ ಒಂದು ಡಿಪ್ಲಾಯ್ ಸ್ಕ್ರಿಪ್ಟ್ ಇತ್ತು. ಹತ್ತು ನಿಮಿಷಕ್ಕೊಂದ್ಸಲ ಗಿಟ್ ಪುಲ್ ಮಾಡೋದು, ಅಂದ್ರೆ ಹೊಸ ಕೋಡ್ ಇದ್ರೆ ಎಳ್ಕೊಳ್ಳೋದು, "ಆಲ್ರೆಡಿ ಅಪ್-ಟು-ಡೇಟ್" ಅಂತ ಬಂದ್ರೆ ಸುಮ್ನಿರೋದು, ಬರ್ಲಿಲ್ಲ ಅಂದ್ರೆ ಹೊಸ ಕೋಡ್ ಬಂದಿದೆ ಅಂದ್ಕೊಂಡು ಸರ್ವರ್ ರೀಸ್ಟಾರ್ಟ್ ಮಾಡೋದು. 2017ರಲ್ಲಿ ಗಿಟ್ 2.15 ಬಂತಲ್ಲ, ಅದರಲ್ಲಿ ಆ ಮೆಸೇಜಿನ ಹೈಫನ್ ತೆಗೆದು "ಆಲ್ರೆಡಿ ಅಪ್ ಟು ಡೇಟ್" ಅಂತ ಮಾಡಿದ್ರು. ಇಂಗ್ಲಿಷ್ ವ್ಯಾಕರಣದ ಪ್ರಕಾರ ಸರೀನೇ. ಆದ್ರೆ ನಾವು ಅಪ್‌ಗ್ರೇಡ್ ಮಾಡಿದ ರಾತ್ರಿ ಸ್ಕ್ರಿಪ್ಟಿಗೆ ಹಳೇ ಸಾಲು ಸಿಗದೆ ಸರ್ವರ್ ಹತ್ತತ್ತು ನಿಮಿಷಕ್ಕೂ ಬಿದ್ದು ಎದ್ದು ಬಿದ್ದು ಎದ್ದು, ವಿಜಯನಗರದ ಮನೇಲಿ ಬೆಳಗಿನ ಜಾವ ಮೂರು ಗಂಟೇಲಿ ನಾನು ಹಳೇ ಲಾಗು ಹೊಸ ಲಾಗು ಪಕ್ಕಪಕ್ಕ ಇಟ್ಕೊಂಡು ನೋಡ್ತಿದ್ದೆ, ಕಣ್ಣಿಗೆ ಎರಡೂ ಸಾಲು ಒಂದೇ ಥರ ಕಾಣ್ತಿತ್ತು.

ಅಲ್ಲಿ ತಪ್ಪು ನಮ್ಮ ಸ್ಕ್ರಿಪ್ಟಿಂದೇ. ಜನ ಓದ್ಲಿ ಅಂತ ಬರೋ ಸಾಲನ್ನ ಸ್ಕ್ರಿಪ್ಟ್ ನಂಬ್ಕೋಬಾರದು, ಪುಲ್‌ಗೆ ಮುಂಚೆ ಒಂದ್ಸಲ ಆಮೇಲೊಂದ್ಸಲ, ಕೋಡಿನ ಪ್ರತಿ ಬದಲಾವಣೆಗೂ ಗಿಟ್ ಕೊಡೋ ಕಮಿಟ್ ಐಡಿ ನೋಡಿದ್ರೆ ಸಾಕಿತ್ತು. ಗಿಟ್‌ನವರು ಸ್ಕ್ರಿಪ್ಟ್‌ಗೋಸ್ಕರನೇ ಏನೇನು ಬದಲಾಗಿದೆ ಅಂತ ತೋರಿಸೋ ಸ್ಟೇಟಸ್ ಕಮಾಂಡಿಗೆ ಪೋರ್ಸಿಲಿನ್ ಅಂತ ಆಪ್ಷನ್ ಕೊಟ್ಟಿದಾರೆ, ಅದರ ಫಾರ್ಮ್ಯಾಟ್ ಬದಲಾಯಿಸಲ್ಲ ಅಂತ ಮಾತು ಕೊಟ್ಟಿದಾರೆ. ಜಾಸ್ತಿ ಮಾಹಿತಿ ಬೇಕು ಅನ್ನಿಸ್ದಾಗ ಹಳೇದನ್ನ ಮುಟ್ಟದೆ ಪಕ್ಕದಲ್ಲೇ ವಿ2 ಅಂತ ಹೊಸದು ಮಾಡಿದ್ರು. ಬರೀ ಗಿಟ್ ಪುಶ್ ಅಂತ ಹೊಡೆದ್ರೆ ಇಲ್ಲೂ ಸರ್ವರಲ್ಲೂ ಒಂದೇ ಹೆಸರಿರೋ ಬ್ರಾಂಚೆಲ್ಲ, ಅಂದ್ರೆ ಕೋಡಿನ ಕವಲೆಲ್ಲ, ಸರ್ವರಿಗೆ ಹೋಗ್ತಿತ್ತು ನೋಡಿ ಮುಂಚೆ, ಈಗಿರೋ ಬ್ರಾಂಚ್ ಮಾತ್ರ ಹೋಗ್ಲಿ ಅಂತ 2014ರಲ್ಲಿ 2.0 ಬಂದಾಗ ಬದಲಾಯಿಸೋಕೆ ಮುಂಚೆ ಎಷ್ಟೋ ರಿಲೀಸ್ ವಾರ್ನಿಂಗ್ ಕೊಡ್ತಾನೇ ಬಂದ್ರು. 2019ರಲ್ಲಿ ಸ್ವಿಚ್, ರಿಸ್ಟೋರ್ ಅಂತ ಹೊಸ ಕಮಾಂಡ್ ಬಂತು, ಅದೇ ಕೆಲಸ ಮಾಡ್ತಿದ್ದ ಹಳೇ ಚೆಕೌಟ್ ಇವತ್ತಿಗೂ ಹಂಗೇ ನಡೀತಿದೆ.

ಬೆಂಗಳೂರಿನ ಬಸ್ಸಲ್ಲಿ ಕೆಂಪೇಗೌಡ ಬಸ್ ನಿಲ್ದಾಣ ಅಂತ ಕೇಳೋರು ಎಷ್ಟು ಜನ? ಮೆಜೆಸ್ಟಿಕ್ ಅಂತೀವಿ, ಕಂಡಕ್ಟರ್ ಟಿಕೆಟ್ ಹರೀತಾರೆ. ಟೂಲ್ ಕೂಡ ಹಂಗಿರ್ಬೇಕು ಅಂತ ನನ್ನ ಆಸೆ.

ಮೀಟಿಂಗಲ್ಲಿ ನಾನು ಕೇಳಿದ್ದು ಇಷ್ಟೇ. ಹಳೇ ಆಪ್ಷನ್ ಒಂದು ವರ್ಷ ಇರ್ಲಿ, ಯೂಸ್ ಮಾಡ್ದಾಗೆಲ್ಲ ವಾರ್ನಿಂಗ್ ಬರ್ಲಿ, ಆ ವಾರ್ನಿಂಗ್ ಎರರ್ ಮೆಸೇಜಿಗೆ ಅಂತಲೇ ಬೇರೆ ಇರೋ ಎಸ್‌ಟಿಡಿ‌ಎರರ್‌ಗೇ ಹೋಗ್ಲಿ, ಔಟ್‌ಪುಟ್ ಜೊತೆ ಸೇರಿದ್ರೆ ಅದರಿಂದಾನೇ ಇನ್ಯಾರದೋ ಸ್ಕ್ರಿಪ್ಟ್ ಮುರಿಯುತ್ತೆ. ಟೈಮ್ ಇಲ್ಲ ಅಂದ್ರು. ನಾಳೆ ಹಳೇ ಆಪ್ಷನ್ ಕಿತ್ತಾಕೋ ಆ ಪ್ಯಾಚ್ ರಿವ್ಯೂಗೆ ನನ್ ಹತ್ರನೇ ಬರುತ್ತೆ, ಹಂಗೇ ಬಂದ್ರೆ ಅಪ್ರೂವ್ ಮಾಡಲ್ಲ.