ಕರ್ಣನಿಗೆ ಕವಚ ಕೊಳ್ಳುವ ಆಟ

ಕಳೆದ ಭಾನುವಾರ ನಮ್ಮ ಗದಗಿನ ವೀರನಾರಾಯಣ ಗುಡಿಯಲ್ಲಿ ನಡೆದ ಒಂದು ಸಣ್ಣ ಸಂಗತಿ ಅಂದಿನಿಂದ ನನ್ನನ್ನು ಬಿಡದೆ ಕಾಡುತ್ತಿದೆ. ಹುಬ್ಬಳ್ಳಿಯಿಂದ ಅಕ್ಕ ಬಂದಿದ್ದಳು, ಈ ವರ್ಷ ಹತ್ತನೆಯ ಇಯತ್ತೆ ಮುಗಿಸಿದ ಅವಳ ಮಗನೂ ಜೊತೆಗಿದ್ದ. ಅಕ್ಕ ಪ್ರದಕ್ಷಿಣೆಗೆ ಹೋದಾಗ ನಾನು ಹುಡುಗನನ್ನು ಕುಮಾರವ್ಯಾಸನ ಕಂಬದ ಹತ್ತಿರ ಕರೆದುಕೊಂಡು ಹೋಗಿ, ನಿನ್ನ ತಾಲ್ಲೂಕಿನದೇ ಕೋಳಿವಾಡದ ನಾರಣಪ್ಪ ಇಲ್ಲಿಗೆ ಬಂದು, ಮಿಂದು, ಒದ್ದೆ ಬಟ್ಟೆಯಲ್ಲೇ ಈ ಕಂಬಕ್ಕೆ ಒರಗಿ ಕುಳಿತು, ಬಟ್ಟೆ ಆರುವವರೆಗೂ ಭಾರತವನ್ನು ಹಾಡುತ್ತಿದ್ದನೆಂದು ಹಿರಿಯರು ಹೇಳುತ್ತಾರೆ ಎಂದು ವಿವರಿಸತೊಡಗಿದೆ. ಅವನು ಹೂಂಗುಟ್ಟುತ್ತಲೇ ಇದ್ದ, ಆದರೆ ಕಣ್ಣು ಮೊಬೈಲಿನಲ್ಲಿತ್ತು. ಸ್ವಲ್ಪ ಹೊತ್ತಿಗೆ ಅದನ್ನು ನನ್ನ ಮುಖದ ಮುಂದೆ ಹಿಡಿದು, "ಮಾಮಾ, ಇಲ್ನೋಡ್ರಿ, ನನ್ನ ಕರ್ಣ ಎಷ್ಟ್ ಪವರ್‌ಫುಲ್ ಆಗ್ಯಾನ" ಎಂದ.

ಪರದೆಯ ಮೇಲೆ ಬಂಗಾರದ ಕವಚ ತೊಟ್ಟ ದಾಂಡಿಗನೊಬ್ಬ ನಿಂತಿದ್ದ. ಕವಚದ ಕೆಳಗೆ ಏಳನೆಯ ಹಂತ ಎಂಬ ಗುರುತಿತ್ತು. ಎಂಟನೆಯ ಹಂತಕ್ಕೆ ಏರಿಸಬೇಕಾದರೆ ಇನ್ನಷ್ಟು ನಾಣ್ಯ ಗಳಿಸಬೇಕು, ಇಲ್ಲವಾದರೆ 99 ರೂಪಾಯಿ ಕೊಟ್ಟು ಕೊಳ್ಳಬೇಕು. ಅಂದರೆ ಆ ಆಟದಲ್ಲಿ ಕರ್ಣನ ಜೀವಮಾನದ ಸಾಧನೆ ಕವಚವನ್ನು ಗಟ್ಟಿ ಮಾಡಿಕೊಳ್ಳುತ್ತ ಹೋಗುವುದು. ಸ್ನೇಹಿತರೆ, ಕರ್ಣ ಎಂಬ ಹೆಸರು ಸಾವಿರಾರು ವರ್ಷ ಜನರ ಬಾಯಲ್ಲಿ ಉಳಿದದ್ದು ಅವನು ಆ ಕವಚವನ್ನು ತೊಟ್ಟಿದ್ದನೆಂಬ ಕಾರಣಕ್ಕಲ್ಲ, ಅದನ್ನು ಮೈಯಿಂದ ಕೊಯ್ದು ಕೊಟ್ಟನೆಂಬ ಕಾರಣಕ್ಕೆ. ಬಂದಿರುವ ಬ್ರಾಹ್ಮಣ ಇಂದ್ರನೆಂದು ಗೊತ್ತಿತ್ತು, ಕೊಡಬೇಡವೆಂದು ಸೂರ್ಯನೇ ಮೊದಲು ಎಚ್ಚರಿಸಿದ್ದ, ಕೊಟ್ಟರೆ ಸಾವು ಹತ್ತಿರವಾಗುತ್ತದೆಂಬುದೂ ತಿಳಿದಿತ್ತು. ಆದರೂ ಕೊಟ್ಟ. ಆ ಕೊಡುವಿಕೆಯನ್ನು ತೆಗೆದುಹಾಕಿ ಕವಚವನ್ನಷ್ಟೇ ಇಟ್ಟುಕೊಂಡರೆ ಉಳಿಯುವವನು ಕರ್ಣನಲ್ಲ, ಬಂಗಾರದ ಅಂಗಿ ತೊಟ್ಟ ಯಾರೋ ಒಬ್ಬ.

ನನ್ನ ಅಜ್ಜ ದೊಡ್ಡಾಟದಲ್ಲಿ ಕರ್ಣನ ಪಾತ್ರ ಹಾಕುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಇಂದ್ರ ಬೇಡಲು ಬರುವ ಸನ್ನಿವೇಶದಲ್ಲಿ ಅಜ್ಜ ಭುಜಕೀರ್ತಿಯನ್ನೂ ಎದೆಯ ಕಟ್ಟನ್ನೂ ತಾನೇ ಬಿಚ್ಚಿ ಇಂದ್ರನ ಪಾತ್ರಧಾರಿಯ ಕೈಗೆ ಇಡುತ್ತಿದ್ದ. ಮದ್ದಳೆ ನಿಲ್ಲುತ್ತಿತ್ತು. ಅಲ್ಲಿಂದ ಮುಂದೆ ಬೆಳಗಿನ ಜಾವದವರೆಗೆ, ಚಳಿಯಿರಲಿ ಗಾಳಿಯಿರಲಿ, ಅಜ್ಜ ಬರಿ ಎದೆಯಲ್ಲೇ ಕುಣಿಯುತ್ತಿದ್ದ. ಮುಂದಿನ ಸಾಲಿನ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ನಾನು ಅವ್ವನ ತೊಡೆಯ ಮೇಲೆ ಮಲಗಿ ನೋಡಿದ್ದೇನೆ. ಅವರಲ್ಲಿ ಓದು ಬಲ್ಲವರು ಬೆರಳೆಣಿಕೆಯಷ್ಟಿದ್ದರು. ಆದರೂ ಒಬ್ಬ ಮನುಷ್ಯ ತನ್ನ ರಕ್ಷಣೆಯನ್ನು ತಾನೇ ಕಳಚಿಟ್ಟು ಯುದ್ಧಕ್ಕೆ ಹೊರಟರೆ ಹೇಗಿರುತ್ತದೆಂಬುದು ಆ ಬರಿ ಎದೆಯನ್ನು ಕಂಡ ಪ್ರತಿಯೊಬ್ಬರಿಗೂ ಅರ್ಥವಾಗುತ್ತಿತ್ತು.

ನನ್ನ ತಕರಾರು ಇಷ್ಟೇ: ಇಂದಿನ ಆಟಗಳೂ ಹಲವು ಸಿನಿಮಾಗಳೂ ಪುರಾಣದಿಂದ ಹೆಸರನ್ನೂ ಆಯುಧವನ್ನೂ ತೆಗೆದುಕೊಳ್ಳುತ್ತವೆ, ಸಂಕಟವನ್ನು ಅಲ್ಲಿಯೇ ಬಿಟ್ಟು ಬರುತ್ತವೆ. ಮಹಾಭಾರತದಲ್ಲಿ ದೊಡ್ಡ ಅಸ್ತ್ರಕ್ಕೆಲ್ಲ ಒಂದು ಋಣವಿದೆ, ಒಂದು ಕಟ್ಟಳೆಯಿದೆ, ಇಲ್ಲವೇ ಶಾಪವಿದೆ. ಪರಶುರಾಮನಿಂದ ಕಲಿತ ವಿದ್ಯೆ ಬೇಕಾದ ಗಳಿಗೆಯಲ್ಲೇ ಕರ್ಣನ ನೆನಪಿಗೆ ಬರುವುದಿಲ್ಲ. ಕವಚಕ್ಕೆ ಬದಲಾಗಿ ಇಂದ್ರನಿಂದ ಪಡೆದ ಶಕ್ತ್ಯಾಯುಧ ಒಂದೇ ಒಂದು ಸಲ ಪ್ರಯೋಗಿಸುವಂಥದ್ದು, ಅರ್ಜುನನಿಗಾಗಿ ಕಾದಿರಿಸಿದ್ದ ಅದನ್ನು ರಾತ್ರಿ ಯುದ್ಧದಲ್ಲಿ ಘಟೋತ್ಕಚನ ಮೇಲೆ ಬಿಟ್ಟು ಅವನು ಬರಿಗೈಯಾಗುತ್ತಾನೆ. ನಮ್ಮ ಹುಡುಗನ ಆಟದಲ್ಲಿ ಅದೇ ಶಕ್ತಿ ಮೂವತ್ತು ಸೆಕೆಂಡಿಗೊಮ್ಮೆ ತಾನಾಗಿ ತುಂಬಿಕೊಳ್ಳುತ್ತಿತ್ತು.

ಇದನ್ನು ಓದಿ ಕೆಲವರು, ನಿನ್ನ ಧಾರ್ಮಿಕ ಭಾವನೆಗೆ ನೋವಾಗಿದೆ, ದೂರು ಕೊಡು ಎನ್ನಬಹುದು. ಅದು ನನ್ನ ಮಾತಲ್ಲ. ಅಮೆರಿಕದ ಸ್ಮೈಟ್ ಎಂಬ ಆಟದಲ್ಲಿ ಕಾಳಿಯನ್ನು ತೋರಿಸಿದ ರೀತಿಗೆ 2012ರಲ್ಲಿ ಆಕ್ಷೇಪ ಬಂದಿತ್ತು. ಆ ಚರ್ಚೆಯ ಬಹುಪಾಲು ದೇವಿಯ ಉಡುಪಿನ ಸುತ್ತಲೇ ತಿರುಗಿತು. ಉಡುಪು ಹೆಚ್ಚು ಕಡಿಮೆಯಾದರೆ ಕಾಳಿಗೆ ಕುಂದು ಬರುವುದಿಲ್ಲ. ಆಕೆ ಯಾರ ಮೇಲೆ, ಏಕೆ ಕೆರಳಿದಳು ಎಂಬುದನ್ನು ಮರೆತು ಅವಳ ಹೊಡೆತದ ಲೆಕ್ಕವನ್ನಷ್ಟೇ ಇಟ್ಟುಕೊಂಡರೆ ನನಗೆ ನೋವಾಗುತ್ತದೆ. ದೂರು, ನಿಷೇಧಗಳಿಂದ ಸರಿಹೋಗುವ ನೋವು ಇದಲ್ಲ.

ಇನ್ನೊಂದು ವಾದವನ್ನು ನನ್ನ ಸಹೋದ್ಯೋಗಿಯೊಬ್ಬರು ಚಹಾ ಕುಡಿಯುತ್ತ ಮುಂದಿಟ್ಟರು. ಪಂಪ 941ರಲ್ಲಿ ತನ್ನ ಒಡೆಯ ಅರಿಕೇಸರಿಯನ್ನೇ ಅರ್ಜುನನನ್ನಾಗಿಸಿ, ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯನ್ನಾಗಿ ಮಾಡಲಿಲ್ಲವೇ? ರನ್ನ ದುರ್ಯೋಧನನಿಗಾಗಿ ನಮ್ಮನ್ನು ಅಳಿಸಲಿಲ್ಲವೇ? ಹಾಗಿದ್ದ ಮೇಲೆ ಆಟ ಮಾಡುವವರಿಗೆ ಮಾತ್ರ ಏಕೆ ಕಟ್ಟುಪಾಡು? ಮೇಲ್ನೋಟಕ್ಕೆ ಗಟ್ಟಿಯಾಗಿ ಕಾಣುವ ಈ ವಾದವನ್ನು ನಾನು ಒಪ್ಪುವುದಿಲ್ಲ. ಪಂಪನೂ ರನ್ನನೂ ಕಥೆಯನ್ನು ತಿರುಗಿಸಿದ್ದು ನಿಜ, ಆದರೆ ಹಗುರ ಮಾಡಲಿಲ್ಲ. ಅರ್ಜುನನನ್ನು ಹೊಗಳಲೆಂದೇ ಬರೆಯಲು ಕುಳಿತ ಪಂಪ ಕೊನೆಗೆ, ಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಕರ್ಣನನ್ನು ನೆನೆ ಎಂದು ಹೇಳದೆ ಇರಲಾರದೆ ಹೋದ. ಕಥೆಯನ್ನು ಬದಲಿಸಿದವನಿಗೂ ಕರ್ಣನ ಭಾರದಿಂದ ತಪ್ಪಿಸಿಕೊಳ್ಳಲಾಗಲಿಲ್ಲ.

ಆಟಗಳಿಗೆ ಇದು ಸಾಧ್ಯವೇ ಇಲ್ಲವೆಂದೂ ನಾನು ಹೇಳಲಾರೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅಕ್ಕನ ಹಿರಿಯ ಮಗಳು ಕಳೆದ ದೀಪಾವಳಿಗೆ ಬಂದಾಗ ತನ್ನ ಕಂಪ್ಯೂಟರಿನಲ್ಲಿ ಹೇಡೀಸ್ ಎಂಬ ಗ್ರೀಕ್ ಪುರಾಣದ ಆಟವನ್ನು ತೋರಿಸಿದ್ದಳು. ಪಾತಾಳದ ದೊರೆಯ ಮಗ ತನ್ನನ್ನು ಬಿಟ್ಟುಹೋದ ತಾಯಿಯನ್ನು ಹುಡುಕಿಕೊಂಡು ಹೊರಡುತ್ತಾನೆ, ದಾರಿಯಲ್ಲಿ ಸಾಯುತ್ತಾನೆ, ಸತ್ತು ಮತ್ತೆ ಅಪ್ಪನ ಮನೆಗೇ ಬಂದು ಬೀಳುತ್ತಾನೆ. ಪ್ರತಿ ಸಲ ಅಪ್ಪನೆದುರು ನಿಲ್ಲಬೇಕು, ಮನೆಯವರ ಮಾತು ಕೇಳಬೇಕು, ಮತ್ತೆ ಹೊರಡಬೇಕು. ಸೋಲೇ ಅಲ್ಲಿ ಕಥೆಯನ್ನು ಮುಂದೆ ನಡೆಸುತ್ತದೆ. ಹೇಡೀಸ್ ಪೂರ್ಣರೂಪದಲ್ಲಿ ಹೊರಬಂದ 2020ರಲ್ಲೇ ಪುಣೆಯವರು ಹೊರತಂದ ರಾಜಿ ಎಂಬ ಆಟವನ್ನೂ ಅವಳು ತೋರಿಸಿದಳು. ಅದರಲ್ಲಿ ಅಸುರರು ಹೊತ್ತೊಯ್ದ ತಮ್ಮನನ್ನು ಅಕ್ಕ ಹುಡುಕುತ್ತಾಳೆ, ದುರ್ಗೆಯೂ ವಿಷ್ಣುವೂ ಅವಳ ಕಥೆಯನ್ನು ಹೇಳುತ್ತಾರೆ. ನಾನು ಆ ಹುಡುಗಿಯ ಪಕ್ಕ ಎರಡು ತಾಸು ಕುಳಿತು ಸಂತೋಷಪಟ್ಟೆ. ಸಾಧ್ಯವಿದೆ ಎಂದು ಗೊತ್ತಿರುವುದರಿಂದಲೇ ಈ 99 ರೂಪಾಯಿಯ ಕವಚ ನನ್ನನ್ನು ಇಷ್ಟು ಕೆರಳಿಸುತ್ತದೆ.

ಆದರೆ ಒಂದು ಮಾತನ್ನು ಮುಚ್ಚಿಟ್ಟರೆ ಈ ಬರಹ ಸುಳ್ಳಾಗುತ್ತದೆ. ಕುಮಾರವ್ಯಾಸನ ಉದ್ಯೋಗಪರ್ವದಲ್ಲಿ ಕೃಷ್ಣ ಕರ್ಣನಿಗೆ ಜನ್ಮರಹಸ್ಯ ತಿಳಿಸುವ ಭಾಗ ಹತ್ತನೆಯ ಇಯತ್ತೆಯ ಕನ್ನಡ ಪಠ್ಯದಲ್ಲಿದೆ. ನನ್ನ ಅಳಿಯನೂ ಅದನ್ನು ಓದಿ ಅಂಕ ಪಡೆದಿದ್ದಾನೆ. ಕನ್ನಡ ಮಾಸ್ತರನಾಗಿ ನಾನೇ ಅದನ್ನು ಹಲವು ವರ್ಷ ಕಲಿಸಿದ್ದೇನೆ. ಹೇಗೆ ಕಲಿಸಿದೆ? ಸಂದರ್ಭ ಬರೆಯಿರಿ, ಸ್ವಾರಸ್ಯ ಬರೆಯಿರಿ, ಷಟ್ಪದಿಗೆ ಪ್ರಸ್ತಾರ ಹಾಕಿರಿ ಎಂದು. ಮಾರ್ಚ್ ತಿಂಗಳ ಪರೀಕ್ಷೆಯನ್ನು ಕಣ್ಣಮುಂದೆ ಇಟ್ಟುಕೊಂಡು ಕರ್ಣನನ್ನು ನಾಲ್ಕು ಅಂಕಗಳ ಉತ್ತರವನ್ನಾಗಿ ಮಾಡಿದವನು ನಾನು. ಆಟ ಮಾಡಿದವನ ಮೇಲೆ ಸಿಟ್ಟು ಬಂದಷ್ಟೇ ನನ್ನ ಮೇಲೂ ಬಂತು, ಮತ್ತು ಆ ಸಿಟ್ಟು ಗುಡಿಯಲ್ಲಿ, ಆ ಕಂಬದ ಬುಡದಲ್ಲೇ ಬಂತು.

ಹಾಗಾಗಿ ಅಲ್ಲಿಯೇ ಕುಳಿತೆ. ಹುಡುಗನನ್ನೂ ಪಕ್ಕದಲ್ಲಿ ಕೂರಿಸಿಕೊಂಡೆ. ಸಂಧಾನ ಮುರಿದುಬಿದ್ದ ಮೇಲೆ ಕೃಷ್ಣ ಕರ್ಣನನ್ನು ರಥಕ್ಕೆ ಎಳೆದುಕೊಂಡು ತನ್ನ ಪೀಠದಲ್ಲೇ ಕೂರಿಸಿಕೊಳ್ಳುತ್ತಾನೆ, ನಿಮ್ಮ ಸರಿಸಮನಾಗಿ ಕೂರಲು ಅಂಜುತ್ತೇನೆ ಎಂದು ಇವನು ಹಿಂಜರಿಯುತ್ತಾನೆ, ಆಗ ಕೃಷ್ಣ ತೊಡೆಗೆ ತೊಡೆ ತಾಗುವಷ್ಟು ಹತ್ತಿರ ಸರಿಯುತ್ತಾನೆ ಎಂದು ಹೇಳಿ ನಾನೂ ಹಾಗೆಯೇ ಸರಿದೆ. ಹುಡುಗ ನಾಚಿ ಸ್ವಲ್ಪ ದೂರ ಸರಿದ. "ನೋಡು, ಕರ್ಣನಿಗೂ ಹಿಂಗ ಆಗಿತ್ತು" ಎಂದೆ. ಮೊಬೈಲು ಕಿಸೆಗೆ ಹೋಯಿತು. ಎಡಗಡೆ ಕೌರವರು, ಬಲಗಡೆ ಪಾಂಡವರು, ಎದುರಿಗೆ ಯಾದವ ಮಾಗಧರು ಓಲಗಿಸುತ್ತಿರಲು ನಡುವೆ ಸಿಂಹಾಸನದಲ್ಲಿ ನೀನು ಕೂರಬಹುದು, ಅದನ್ನು ಬಿಟ್ಟು ದುರ್ಯೋಧನನ ಮುಂದೆ ಜೀಯಾ ಎಂದು ನಿಲ್ಲುವುದೇಕೆ ಎಂದು ಕೃಷ್ಣ ಕೇಳುತ್ತಾನೆ. ಆ ಗಳಿಗೆಯಲ್ಲಿ ಕರ್ಣನ ಕೊರಳು ಉಬ್ಬಿ ಬರುತ್ತದೆ, ಕಣ್ಣೀರು ಉಕ್ಕುತ್ತದೆ, ಆದರೆ ಅವನು ಮೊದಲು ನೆನೆಯುವುದು ಸಿಗಲಿರುವ ಪಟ್ಟವನ್ನಲ್ಲ, ಅಯ್ಯೋ, ದುರ್ಯೋಧನನಿಗೆ ಕೇಡಾಯಿತಲ್ಲ ಎಂದು. ಅಕ್ಕ ಪ್ರದಕ್ಷಿಣೆ ಮುಗಿಸಿ ಬಂದು, ನಮ್ಮಿಬ್ಬರನ್ನೂ ನೋಡಿ, ಏನೂ ಕೇಳದೆ ಅಲ್ಲಿಯೇ ಕುಳಿತಳು.

ಅವರು ಅಂದು ಸಂಜೆಯೇ ಊರಿಗೆ ಹೋದರು. ನಿನ್ನೆ ರಾತ್ರಿ ಹತ್ತರ ಸುಮಾರಿಗೆ ಹುಡುಗನ ಫೋನು ಬಂತು. ಕರ್ಣ ಕುಂತಿಯ ಮಗನೆಂಬುದು ದುರ್ಯೋಧನನಿಗೆ ಕೊನೆಗಾದರೂ ಗೊತ್ತಾಯಿತೇ ಎಂಬುದು ಅವನ ಪ್ರಶ್ನೆ. ನನಗೆ ತಕ್ಷಣ ರನ್ನನ ಗದಾಯುದ್ಧ ನೆನಪಾಯಿತು. ಯುದ್ಧಭೂಮಿಯಲ್ಲಿ ಹೆಣಗಳ ನಡುವೆ ನಡೆದುಬರುವ ದುರ್ಯೋಧನ ಕರ್ಣನ ದೇಹವನ್ನು ಕಂಡು ಅಳುತ್ತ, ನೀನು ಯಾರೆಂಬುದನ್ನು ನಾನು ಬಲ್ಲೆ, ಕುಂತಿ ಬಲ್ಲಳು, ಕೃಷ್ಣ ಬಲ್ಲ, ಸೂರ್ಯ ಬಲ್ಲ, ಸಹದೇವ ಬಲ್ಲ, ಬೇರೆ ಯಾರೂ ಅರಿಯರು ಎನ್ನುತ್ತಾನೆ ಎಂದು ಹೇಳಿದೆ. ಆ ಕಡೆಯಿಂದ ಬಹಳ ಹೊತ್ತು ಮಾತೇ ಬರಲಿಲ್ಲ. ಫೋನು ಕಟ್ಟಾಯಿತೇನೋ ಎಂದುಕೊಂಡೆ.

"ಮಾಮಾ," ಎಂದ ಆಮೇಲೆ, "ಮತ್ತ ಗೊತ್ತಿದ್ದೂ ಯಾಕ್ ಸುಮ್ನಿದ್ದ ಅಂವಾ?"